ಹಾಳಿ ಹೊಳ್ಳಸ್ರಿ

ಕೊಣ್ಣೂರು ಸೇತುವೆ ಮೇಲೆ ನೀರು ಬಂದು ನಮ್ಮ ಬಸ್ಸು ನಿಂತಿತ್ತು. ನಾನೊಂದು ವೈಜ್ಞಾನಿಕ ಥ್ರಿಲ್ಲರ್ ಓದುತ್ತಿದ್ದೆ. ಪಕ್ಕದ ಸೀಟಿನ ರೋಣದ ಕಡಲೆ ವ್ಯಾಪಾರಿ ಕತ್ತು ಚಾಚಿ ನನ್ನ ಜೊತೆಗೇ ಓದತೊಡಗಿದರು.

ನಾನಿನ್ನೂ ಪುಟದ ಅರ್ಧದಲ್ಲಿದ್ದೆ, ಅವರಿಗೆ ಆಗಲೇ ಪುಟ ತಿರುಗಿಸುವ ಅವಸರ. “ಹಾಳಿ ಹೊಳ್ಳಸ್ರಿ. ಈ ಮುದುಕ ವಿಜ್ಞಾನೀನ ವಿಲನ್ ನೋಡ್ರಿ” ಎಂದರು.

ಎರಡು ಹಾಳೆ ದಾಟುವುದರಲ್ಲಿ ಅವನೇ ವಿಲನ್ ಎಂದಾಯಿತು.

“ಬಾಂಬು ಕಡೀ ಸೆಕೆಂಡಿಗೆ ನಿಂದ್ರತೈತಿ. ಸತ್ತ ಅಪ್ಪನೂ ಎದ್ದು ಬರ್ತಾನ.”

ಬಾಂಬು ನಿಂತಿತು, ಅಪ್ಪನೂ ಬಂದ. ಯಾರಾದರೂ ಊಹಿಸಬಹುದಾದದ್ದನ್ನೇ ದೊಡ್ಡ ರಹಸ್ಯದಂತೆ ಬರೆದ ಲೇಖಕನ ಮೇಲೂ, ಅದನ್ನು ಬಾಯಿಬಿಟ್ಟು ಹೇಳಿದ ಇವರ ಮೇಲೂ ನನಗೆ ರೇಗಿಹೋಯಿತು. ಕೊನೆಯ ಪುಟ ತೆರೆದು ನೋಡಿ, ಪುಸ್ತಕವನ್ನು ಅವರ ತೊಡೆಯ ಮೇಲೆ ಕುಕ್ಕಿ, “ನೀವ ಓದ್ಕೊಳ್ರಿ. ಕಡೀಕ ನಾಯಕ…” ಎಂದೆ.

ಅವರು ಗಾಬರಿಯಿಂದ ಕೈ ಅಡ್ಡ ಹಿಡಿದರು. “ಕಡೀಕ ಏನಾಗ್ತೈತಿ ಅಂತ ಹೇಳಬ್ಯಾಡ್ರಿ. ಓದೋ ಮಜಾನ ಹೋಗ್ತೈತಿ.”