ಹಲ್ಲಿನ ಕುರ್ಚಿಯ ಪಕ್ಕ ಕೂತ ದನಿ

ನನ್ನ ದಂತ ಚಿಕಿತ್ಸಾಲಯ ಇರುವುದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೊದಮೊದಲು ಎಷ್ಟೋ ರೋಗಿಗಳು ಅರ್ಧ ಮೆಟ್ಟಿಲು ಹತ್ತಿ, ಡ್ರಿಲ್ಲಿನ ಸದ್ದು ಕಿವಿಗೆ ಬಿದ್ದೊಡನೆ ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಇಳಿದು ಹೋಗುತ್ತಿದ್ದರು. ಈಗ ಅವರೇ ನಗುತ್ತಾ ಮೇಲೆ ಬರುತ್ತಾರೆ. ಅದಕ್ಕೆ ಕಾರಣ ದಂತವೈದ್ಯೆಯಾದ ನನ್ನ ಕೈಗುಣವಲ್ಲ, ಅಕ್ಕ.

ಅಕ್ಕ ನನಗೆ ಒಡಹುಟ್ಟಿದವರಲ್ಲ. ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಎಕ್ಸ್‌ಚೇಂಜ್ ಮುಚ್ಚಿದ ವರ್ಷ ದವಡೆ ಹಲ್ಲು ತೆಗೆಸಿಕೊಳ್ಳಲು ನನ್ನಲ್ಲಿಗೆ ಬಂದರು. ಹಲ್ಲು ಕಿತ್ತಾದ ಮೇಲೆ, ಹತ್ತಿ ಕಚ್ಚಿಕೊಂಡೇ, "ಇಲ್ಲಿ ಫೋನ್ ಎತ್ತೋಕೆ ಯಾರೂ ಇಲ್ವಾ ಡಾಕ್ಟ್ರೇ? ಆಗ್ಲಿಂದ ಹೊಡ್ಕೋತಾನೇ ಇದೆ" ಎಂದರು. ಮರುದಿನದಿಂದ ಫೋನ್ ಎತ್ತಲು ಅವರೇ ಬಂದರು.

ಆಮೇಲೆ ಒಂದೆರಡು ವರ್ಷಕ್ಕೆ ನಾನು ಒಂದು ತರಬೇತಿಗೆ ಹೋದೆ. ಹೆದರಿದ ರೋಗಿಯನ್ನು ಸರಳವಾದ ಹಿಪ್ನಾಟಿಸಂ ವಿಧಾನದಿಂದ ಸಮಾಧಾನಪಡಿಸುವುದು ಹೇಗೆ ಎಂದು ಎರಡು ದಿನ ಹೇಳಿಕೊಟ್ಟರು. ಮಂತ್ರವಿಲ್ಲ, ಮಾಟವಿಲ್ಲ. ಕಣ್ಣನ್ನು ಒಂದು ಚುಕ್ಕೆಯ ಮೇಲೆ ನಿಲ್ಲಿಸುವುದು, ಉಸಿರು ಎಣಿಸುವುದು, ಮೈ ಭಾರವಾಗುತ್ತಿದೆ ಎಂದು ಮೆಲ್ಲಗೆ ಹೇಳುತ್ತಾ ಹೋಗುವುದು, ಮನಸ್ಸನ್ನು ಇಷ್ಟವಾದ ಜಾಗಕ್ಕೆ ಕರೆದೊಯ್ಯುವುದು, ಕೊನೆಗೆ ಒಂದರಿಂದ ಐದು ಎಣಿಸಿ ವಾಪಸ್ ಕರೆತರುವುದು. ಮರಗಟ್ಟಿಸುವ ಸೂಜಿಯನ್ನು ಕೊಡಲೇಬೇಕು. ಇದು ಬರೀ ಭಯಕ್ಕೆ ಮದ್ದು.

ನಾನು ಉತ್ಸಾಹದಿಂದ ಶುರು ಮಾಡಿದೆ. ಮೊದಲ ರೋಗಿ ಒಬ್ಬರು ಲೆಕ್ಕ ಪರಿಶೋಧಕರು. ಎರಡೇ ನಿಮಿಷಕ್ಕೆ ಕಣ್ಣು ಬಿಟ್ಟು, "ಡಾಕ್ಟ್ರೇ, ನಿಮಗೆ ಬಸ್ ಏನಾದ್ರೂ ಇದೆಯಾ? ಅಷ್ಟು ಅವಸರದಲ್ಲಿ ಹೇಳ್ತಾ ಇದ್ದೀರಲ್ಲ" ಎಂದರು. ನನ್ನ ನಾಲಿಗೆ ಹುಟ್ಟಾ ಓಟಗಾರ. ಬರೆದುಕೊಂಡು ಬಂದ ಹಾಳೆಯನ್ನು ಬೇಸರದಿಂದ ಕೌಂಟರಿನ ಮೇಲೆ ಇಟ್ಟುಬಿಟ್ಟೆ.

ಅಕ್ಕ ಅದನ್ನು ಓದಿದರು. "ಇದನ್ನೇ ಅಲ್ವಾ ನಾನು ಅಷ್ಟು ವರ್ಷ ಮಾಡಿದ್ದು?" ಎಂದರು. "ಆಸ್ಪತ್ರೆಯಿಂದ ಫೋನ್ ಮಾಡಿ ಅಳ್ತಾ ಇರೋರಿಗೆ, ಕನೆಕ್ಷನ್ ಸಿಗೋವರೆಗೂ ಏನಾದ್ರೂ ಹೇಳ್ತಾ ಇರಬೇಕಿತ್ತು. ಎದುರಿನವರ ಉಸಿರು ಕೇಳಿಸಿಕೊಂಡು ಅದಕ್ಕಿಂತ ಸ್ವಲ್ಪ ನಿಧಾನ ಮಾತಾಡೋದು, ಅಷ್ಟೇ."

ಅಂದಿನಿಂದ ಸೂಜಿಯ ಕೆಲಸ ನನ್ನದು, ಮಾತಿನ ಕೆಲಸ ಅವರದು. ನಾನು ಕಲಿತದ್ದನ್ನೆಲ್ಲ ಹೇಳಿಕೊಟ್ಟೆ, ಅವರು ಅದನ್ನು ತಮ್ಮ ರೀತಿಗೆ ಬಗ್ಗಿಸಿಕೊಂಡರು. ಹಾಳೆಯಲ್ಲಿ ಎಲ್ಲರನ್ನೂ ಕಡಲ ತೀರಕ್ಕೆ ಕರೆದೊಯ್ಯಿರಿ ಎಂದಿತ್ತು. "ಕಡಲನ್ನೇ ನೋಡದವರನ್ನ ಅಲ್ಲಿಗೆ ಕರ್ಕೊಂಡು ಹೋಗಿ ಏನು ಮಾಡ್ಲಿ?" ಎಂದು ಅದನ್ನು ಹೊಡೆದು ಹಾಕಿ, ರೋಗಿಯ ಕೆಲಸವೇನೆಂದು ಮೊದಲು ಕೇಳುತ್ತಿದ್ದರು.

ಒಬ್ಬ ವೆಲ್ಡರ್ ಇದ್ದ. ಆನೆಯಂಥ ಆಳು, ಕೆನ್ನೆ ಊದಿ ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು, ಆದರೂ ಮೂರು ಸಲ ಬಾಗಿಲವರೆಗೆ ಬಂದು ವಾಪಸ್ ಹೋಗಿದ್ದ. ನಾಲ್ಕನೆಯ ಸಲ ಅವನ ಹೆಂಡತಿ ರಟ್ಟೆ ಹಿಡಿದು ಕರೆತಂದಳು. ಅಕ್ಕ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತರು.

"ಗೇಟಿಗೆ ಬೆಸುಗೆ ಹಾಕುವಾಗ ಉಸಿರು ಹೇಗಿರುತ್ತೆ ಅಪ್ಪಾ?"

"ನಿಧಾನ ಬಿಡ್ತೀನಿ. ಇಲ್ಲಾಂದ್ರೆ ಗೆರೆ ಡೊಂಕಾಗುತ್ತೆ."

"ಹಾಗಾದ್ರೆ ಮುಖಕ್ಕೆ ಮುಸುಕು ಇಳಿಸ್ಕೊಳ್ಳಿ. ಸುತ್ತ ಎಲ್ಲ ಕತ್ತಲು. ಒಂದೇ ಒಂದು ಬೆಳಕಿನ ಚುಕ್ಕೆ. ಅದನ್ನ ಮೆಲ್ಲಗೆ ಎಳ್ಕೊಂಡು ಹೋಗಿ, ಅವಸರ ಇಲ್ಲ..."

ಅವನು ಕಣ್ಣು ಮುಚ್ಚಿದ. ಮುಷ್ಟಿ ಸಡಿಲಾಯಿತು. ನಾನು ಸೂಜಿ ಹಾಕಿ, ಮರಗಟ್ಟುವವರೆಗೆ ಕಾದು, ಹಲ್ಲು ತೆಗೆದು ತಟ್ಟೆಗೆ ಹಾಕಿದೆ. ಅಕ್ಕ ಐದರವರೆಗೆ ಎಣಿಸಿದರು. ಅವನು ಕಣ್ಣು ಬಿಟ್ಟು, "ಇಷ್ಟು ಬೇಗ ಮುಗೀತಾ? ನಾನಿನ್ನೂ ಗೇಟಿನ ಮೂಲೆ ತಿರುಗಿರ್ಲಿಲ್ಲ" ಎಂದ. ಅವನ ಹೆಂಡತಿ ಅಕ್ಕನ ಎರಡೂ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಎಲ್ಲರಿಗೂ ಹೀಗೇ ಆಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ನಿವೃತ್ತ ಟೀಚರ್ ಒಬ್ಬರು, "ನನ್ನ ತಲೆ ಸವರೋ ಕೆಲಸ ಬೇಡ. ಏನು ಮಾಡ್ತೀರೋ ಒಂದೊಂದೇ ಹೇಳಿ ಮಾಡಿ" ಎಂದು ಗದರಿದರು. ಅಕ್ಕನಿಗೆ ಕೋಪ ಬರಲಿಲ್ಲ. ಪ್ರತಿ ಸಲಕರಣೆಯನ್ನೂ ತೋರಿಸಿ, ಹೆಸರು ಹೇಳಿ, ನನ್ನ ಕೈಗೆ ಕೊಟ್ಟರು. ಟೀಚರಿಗೆ ಅಷ್ಟೇ ಸಾಕಾಯಿತು.

ಹೀಗೆ ಎಂಟು ವರ್ಷ ಕಳೆದ ಮೇಲೆ ಅಕ್ಕನ ದನಿ ಒಡೆಯತೊಡಗಿತು. ಮೊದಲು ಶೀತ ಅಂದುಕೊಂಡೆವು. ಪರೀಕ್ಷೆ ಮಾಡಿಸಿದಾಗ ಧ್ವನಿತಂತುವಿನ ಮೇಲೆ ಸಣ್ಣ ಗಂಟು ಕಂಡಿತು, ತೆಗೆಯಬೇಕು ಎಂದರು ಗಂಟಲಿನ ಡಾಕ್ಟರು. ಆಪರೇಷನ್ನಿನ ಬೆಳಿಗ್ಗೆ ನಾನೂ ಅವರ ಗಂಡನೂ ಮಂಚದ ಪಕ್ಕ ನಿಂತಿದ್ದೆವು. ಅಷ್ಟು ಜನರ ಭಯ ಇಳಿಸಿದ ಹೆಂಗಸಿನ ಕೈ ತಣ್ಣಗಾಗಿತ್ತು. ಗಂಡ ಪಾಪ, ಹೊದಿಕೆಯನ್ನು ಸರಿಪಡಿಸಿದ್ದನ್ನೇ ಮತ್ತೆ ಮತ್ತೆ ಸರಿಪಡಿಸುತ್ತಿದ್ದರು.

ನಾನು ಕೂತು, "ಅಕ್ಕಾ, ಆ ಗೋಡೆ ಮೇಲಿನ ಗಡಿಯಾರದ ನಡುವಿನ ಚುಕ್ಕೆ ನೋಡಿ. ಉಸಿರು ತಗೊಳ್ಳಿ, ಬಿಡಿ" ಎಂದು ಶುರು ಮಾಡಿದೆ.

"ಡಾಕ್ಟ್ರೇ," ಎಂದರು ಅವರು ಒಡಕು ದನಿಯಲ್ಲಿ, "ಮತ್ತೆ ಬಸ್ ಹಿಡೀತಾ ಇದ್ದೀರಿ."

ಮೂವರೂ ನಕ್ಕೆವು. ಆಮೇಲೆ ನಾನು ಅವರ ಉಸಿರಿಗೆ ಕಿವಿಗೊಟ್ಟು, ಅದಕ್ಕಿಂತ ಚೂರು ನಿಧಾನವಾಗಿ ಮಾತಾಡಿದೆ. ಜೀವನದಲ್ಲಿ ಮೊದಲ ಸಲ ನನಗದು ಸಾಧ್ಯವಾಯಿತು. ಅವರನ್ನು ಒಳಗೆ ಕರೆದೊಯ್ಯುವ ಹೊತ್ತಿಗೆ ಕೈ ಬೆಚ್ಚಗಾಗಿತ್ತು.

ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಬೇಕಿತ್ತು, ಕೆಲವು ವಾರ ಮಾತೂ ಆಡಬಾರದಿತ್ತು. ಹತ್ತನೆಯ ದಿನವೇ ಅಕ್ಕ ಕ್ಲಿನಿಕ್ಕಿಗೆ ಬಂದು ಒಂದು ಚೀಟಿ ನನ್ನ ಮುಂದಿಟ್ಟರು: "ದನಿ ವಾಪಸ್ ಬರುತ್ತೋ ಇಲ್ಲವೋ. ಬೇರೆ ಯಾರನ್ನಾದರೂ ನೋಡಿಕೊಳ್ಳಿ."

ನಾನು ಏನಾದರೂ ಹೇಳುವ ಮೊದಲೇ ಒಳಗಿನ ಕುರ್ಚಿಯಿಂದ ಬಿಕ್ಕುವ ಸದ್ದು ಕೇಳಿತು. ಅಲ್ಲಿ ಒಬ್ಬ ಬಸ್ ಕಂಡಕ್ಟರ್ ಹೆಣ್ಣುಮಗಳು ಕುರ್ಚಿಯ ಕೈ ಬಿಗಿಹಿಡಿದು ಕೂತಿದ್ದಳು. ಅಕ್ಕ ಚೀಟಿಯನ್ನು ಅಲ್ಲೇ ಬಿಟ್ಟು ಒಳಗೆ ನಡೆದರು. ಸ್ಟೂಲು ಎಳೆದು, ಅವಳ ಅಂಗೈ ಕೆಳಗೆ ತಮ್ಮ ಅಂಗೈ ಇಟ್ಟರು. ಅವಳು ಉಸಿರು ಎಳೆದುಕೊಳ್ಳುವಾಗ ಮೆಲ್ಲಗೆ ಮೇಲೆತ್ತಿದರು, ಬಿಡುವಾಗ ಇಳಿಸಿದರು. ಒಂದು ಮಾತಿಲ್ಲ. ಹತ್ತು ಹನ್ನೆರಡು ಉಸಿರಿಗೆ ಅವಳ ಹೆಗಲು ಇಳಿಯಿತು. ನಾನು ಕೆಲಸ ಮುಗಿಸಿದೆ.

ಎದ್ದು ಬಾಯಿ ಮುಕ್ಕಳಿಸಿದ ಮೇಲೆ ಅವಳು, "ಇವರು ಏನೂ ಹೇಳ್ಲೇ ಇಲ್ಲ. ಆದ್ರೂ ಯಾರೋ ಧೈರ್ಯ ಹೇಳ್ತಾ ಇದ್ದ ಹಾಗಿತ್ತು" ಎಂದಳು.

ಅಕ್ಕನ ಕಣ್ಣು ತುಂಬಿತು. ನಾನು ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದೆ. ಅವರು ತಡೆಯಲಿಲ್ಲ.

ಆರನೆಯ ವಾರ ದನಿ ಬಂತು. ಮೊದಲಿನ ನುಣುಪಿಲ್ಲ, ಸ್ವಲ್ಪ ಗೊಗ್ಗರು. ಅವರು ಮೊದಲು ಆಡಿದ ಮಾತು ನನಗೆ ಹೇಳಿದ ಧನ್ಯವಾದ. ಅದನ್ನು ಹೇಳಬೇಕಾದವಳು ನಾನು. ಹೊರಗೆ ಆರು ಜನ ಕಾಯುತ್ತಿದ್ದರು. ಅಕ್ಕ ಕೈ ತೊಳೆದುಕೊಂಡು ಬಾಗಿಲು ತೆರೆದು, ಮೊದಲನೆಯವರನ್ನು ಒಳಗೆ ಕರೆದರು.