ಲಿವರ್ ಮೇಲೆಯೇ ಇತ್ತು

ಆ ದಿನ ಕಡಬದಲ್ಲಿ ನೀನು ಹ್ಯಾಂಡ್‌ಬ್ರೇಕ್ ಹಾಕಿದ್ದೆ, ವನಜಾ. ಲಿವರ್ ಮೇಲೆಯೇ ಇತ್ತು. ಅದನ್ನು ಕೆಳಗಿಳಿಸಿ, ಕೆಳಗೇ ಇತ್ತೆಂದು ಹೇಳಿದವನು ನಾನು — ನಿನ್ನ ಅಣ್ಣ.

ಇಷ್ಟು ಬರೆಯಲು ನನಗೆ ಏಳು ವರ್ಷ ಬೇಕಾಯಿತು. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ನಡುವೆ ನನ್ನ ಪರವಾಗಿ ಒಂದು ಮಾತು ನುಸುಳಿದರೆ ಅದನ್ನು ನಂಬಬೇಡ.

ಭಾವ ತೀರಿಕೊಂಡ ಮೇಲೆ ನೀನು ಮಗಳೊಂದಿಗೆ ಕೋಡಿಂಬಾಳದ ಮನೆಗೆ ಬಂದು, ಕಾಳುಮೆಣಸಿನ ಕಸಿ ಗಿಡ ಮಾಡಿ ಮಾರತೊಡಗಿದೆ. ಹಳೆಯ ಕಾರೊಂದನ್ನು ಕೊಂಡು, ಹಿಂದಿನ ಸೀಟು ಕಳಚಿ, ಅಲ್ಲಿ ಗಿಡಗಳನ್ನು ಜೋಡಿಸಿಕೊಂಡು ಸುಳ್ಯ, ಜಾಲ್ಸೂರಿನವರೆಗೆ ಒಬ್ಬಳೇ ಓಡಿಸುತ್ತಿದ್ದೆ. ಏರಿನಲ್ಲಿ ಎಲ್ಲಿ ನಿಲ್ಲಿಸಿದರೂ ಇಳಿದ ಕೂಡಲೇ ಹಿಂದಿನ ಚಕ್ರಕ್ಕೆ ಒಂದು ಕೆಂಪುಕಲ್ಲಿನ ತುಂಡು ಇಡುತ್ತಿದ್ದೆ. ಆ ಕಲ್ಲು ಸದಾ ಕಾರಿನಲ್ಲಿಯೇ ಇರುತ್ತಿತ್ತು.

ಒಂದು ದಿನ ನೀನೇ ಹೇಳಿದೆ. "ಅಣ್ಣ, ಹ್ಯಾಂಡ್‌ಬ್ರೇಕ್ ತುಂಬಾ ಮೇಲೆ ಬರ್ತದೆ. ಆದ್ರೂ ಸರಿ ಹಿಡಿಯುದಿಲ್ಲ. ಪುತ್ತೂರಿಗೆ ಕೊಂಡೋಗಿ ತೋರಿಸುದಾ?"

"ಇದಕ್ಕೆಲ್ಲ ಪುತ್ತೂರಿಗೆ ಎಂತಕ್ಕೆ? ನಾನಿಲ್ವಾ."

ಆ ಕೆಲಸಕ್ಕೊಂದು ಕ್ರಮವಿದೆ. ನನಗೆ ಗೊತ್ತಿರಲಿಲ್ಲ ಎಂದಲ್ಲ — ಗೊತ್ತಿತ್ತು. ಮುಂದಿನ ಚಕ್ರಗಳಿಗೆ ತಡೆಯಿಟ್ಟು, ಜಾಕ್ ಹಾಕಿ ಹಿಂಭಾಗವನ್ನು ಎತ್ತಬೇಕು. ಡ್ರಮ್ಮಿನೊಳಗಿನ ಬ್ರೇಕ್ ಶೂ ಎಷ್ಟು ಸವೆದಿದೆ ಎಂದು ನೋಡಿ, ಅದು ಡ್ರಮ್ಮಿಗೆ ತಾಗಿಯೂ ತಾಗದ ಹಾಗೆ ಕೂರಿಸಬೇಕು. ಕೇಬಲ್ ಬಿಗಿ ಮಾಡುವುದು ಅದಾದ ಮೇಲೆ. ಕೊನೆಗೆ ಲಿವರ್ ಎಳೆದು, ಚಕ್ರವನ್ನು ಕೈಯಿಂದ ತಿರುಗಿಸಿ, ತಿರುಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ನಾನು ಇದರಲ್ಲಿ ಒಂದನ್ನು ಮಾತ್ರ ಮಾಡಿದೆ. ಲಿವರಿನ ಬುಡದ ನಟ್ಟನ್ನು ಬಿಗಿ ಮಾಡಿದೆ. ಲಿವರ್ ಗಟ್ಟಿಯಾಯಿತು, ನನಗೆ ಅಷ್ಟು ಸಾಕಾಯಿತು. ಯಾಕೆ — ಊಟದ ಹೊತ್ತಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಇಲ್ಲ.

ಆಮೇಲೂ ನೀನು ಕಲ್ಲು ಹಿಡಿದುಕೊಂಡು ಇಳಿಯುವುದನ್ನು ಕಂಡು ನನಗೆ ಅವಮಾನವಾಯಿತು. "ಎಂತ ಮಾರಾಯ್ತಿ, ಲಾರಿಯವರ ಹಾಗೆ ಕಲ್ಲು ಹೊತ್ಕೊಂಡು ತಿರುಗುದು? ಗೇರಿನಲ್ಲಿ ನಿಲ್ಲಿಸುದೂ ಬೇಡ. ನಾನು ಸರಿ ಮಾಡಿದ ಬ್ರೇಕ್ ಅದು." ಹೀಗೆ ಹೇಳಿ ಕಲ್ಲನ್ನು ಮನೆಯ ಕೆಳಗಿನ ತೋಡಿನ ನೀರಿಗೆ ಎಸೆದೆ. ನೀನು ನಕ್ಕೆ. ನನ್ನನ್ನು ನಂಬಿದೆ.

ಮುಂದಿನ ವಾರ ನೀನು, ಅಮ್ಮ, ನಾನು ಕಡಬಕ್ಕೆ ಹೋದೆವು. ಹಮೀದಾಕರ ಗೊಬ್ಬರದ ಅಂಗಡಿಯ ಎದುರಿನ ಏರಿನಲ್ಲಿ ನೀನು ನಿಲ್ಲಿಸಿದೆ. ಲಿವರ್ ಎಳೆದೆ — ಹಿಂದೆ ಗಿಡಗಳ ನಡುವೆ ಕುಳಿತಿದ್ದ ನನಗೆ ಅದರ ಕಟಕಟ ಸದ್ದು ಸ್ಪಷ್ಟವಾಗಿ ಕೇಳಿಸಿತು. ನೀನು ಅಂಗಡಿಯೊಳಗೆ ಹೋದೆ. ಅಮ್ಮ ಇಳಿದು, ತಮ್ಮ ಚೀಲ ತೆಗೆಯಲೆಂದು ಕಾರಿನ ಹಿಂದೆ ಬಂದು ನಿಂತರು. ನಾನೂ ಇಳಿದು, ಪಕ್ಕದಲ್ಲಿ ನಿಂತು ಗಿಡಗಳ ಒಂದು ಟ್ರೇ ಎಳೆದೆ. ಕಾರು ಅಲುಗಿತು, ಆಮೇಲೆ ಹಿಂದಕ್ಕೆ ಸರಿಯತೊಡಗಿತು. ವೇಗವೇನೂ ಇರಲಿಲ್ಲ. ಅಮ್ಮನ ಮೊಣಕಾಲು ಬಂಪರಿಗೂ ಹಿಂದಿನ ಕಲ್ಲಿನ ಕಟ್ಟೆಗೂ ನಡುವೆ ಸಿಕ್ಕಿತು.

ಜನ ಸೇರಿ ಕಾರನ್ನು ಹಿಡಿದುಕೊಂಡರು. ನಾನು ಡ್ರೈವರ್ ಸೀಟಿಗೆ ಹಾರಿದೆ. ಲಿವರ್ ಪೂರ್ತಿ ಮೇಲಿತ್ತು. ಕಾರನ್ನು ಮುಂದೆ ದೂಡಲೆಂದು ಅದನ್ನು ಇಳಿಸಿದೆ. ಇಳಿಸಿದ್ದು ತಪ್ಪಲ್ಲ. ತಪ್ಪು ಅದರ ನಂತರದ್ದು.

ಅಮ್ಮನನ್ನು ಬೆಂಚಿನಲ್ಲಿ ಕೂರಿಸಿದ ಮೇಲೆ ಹಮೀದಾಕ ಕೇಳಿದರು. "ನೀವು ಹತ್ತುವಾಗ ಹ್ಯಾಂಡ್‌ಬ್ರೇಕ್ ಹೇಗಿತ್ತು?"

"ಕೆಳಗೆ ಇತ್ತು," ಎಂದೆ.

"ಇಲ್ಲ ಅಣ್ಣ, ನಾನು ಹಾಕಿದ್ದೆ."

ನಾನು ತಲೆ ಎತ್ತಲಿಲ್ಲ. ಸುತ್ತ ನಿಂತವರು ಮಾತ್ರ ತಡಮಾಡಲಿಲ್ಲ. "ಹೆಂಗಸರಿಗೆ ಅದೆಲ್ಲ ಎಲ್ಲಿ ನೆನಪಿರ್ತದೆ ಮಾರಾಯ್ರೆ, ಫೋನು ಬಂದಿರ್ಬೇಕು." "ಒಂದು ಕಲ್ಲಾದ್ರೂ ಇಡ್ಬಾರ್ದಾ?" ಆ ಕೊನೆಯ ಮಾತಿಗೆ ನೀನು ನನ್ನ ಕಡೆ ನೋಡಿದೆ. ಕಲ್ಲು ಎಸೆದವನು ಯಾರೆಂದು ಹೇಳಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಲಿಲ್ಲ.

ಇನ್ನು ಬರೆಯುವುದು ಇದಕ್ಕಿಂತ ಕೆಟ್ಟದ್ದು. ಅಮ್ಮ ಆಸ್ಪತ್ರೆಯಲ್ಲಿದ್ದಾಗ, ನೀನು ಅವರ ಬಳಿ ಇದ್ದಾಗ, ನಾನು ಮನೆಯ ಅಂಗಳದಲ್ಲಿ ಜಾಕ್ ಹಾಕಿದೆ. ಲಿವರನ್ನು ಪೂರ್ತಿ ಎಳೆದು ಚಕ್ರ ಹಿಡಿದು ತಿರುಗಿಸಿದೆ. ತಿರುಗಿತು. ಒಂದು ಬದಿಯ ಕೇಬಲ್ ತುಕ್ಕು ಹಿಡಿದು ತನ್ನ ಕೊಳವೆಯಲ್ಲಿಯೇ ಕಚ್ಚಿಕೊಂಡಿತ್ತು — ನಾನು ಬಿಗಿ ಎಂದುಕೊಂಡದ್ದು ಆ ತುಕ್ಕನ್ನು. ಇನ್ನೊಂದು ಬದಿಯಲ್ಲಿ ಶೂ ಸವೆದು ಮುಗಿದಿತ್ತು. ಎರಡನ್ನೂ ಹೊಸದು ಹಾಕಿ, ಮೊದಲೇ ಮಾಡಬೇಕಾಗಿದ್ದ ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಅಮ್ಮನನ್ನು ಮನೆಗೆ ಕರೆತಂದ ಮೇಲೆ, ಅವರನ್ನು ನೋಡಲು ನಮ್ಮ ಸೋದರಮಾವ ಬಂದಾಗ ಮನೆಯ ಏರಿನಲ್ಲಿ ಕಾರು ನಿಲ್ಲಿಸಿ, ಲಿವರ್ ಎಳೆದು ತೋರಿಸಿದೆ. "ನೋಡಿ ಮಾವ, ಬ್ರೇಕಿಗೆ ಎಂತ ಆಗ್ಲಿಲ್ಲ."

ಕಾರು ಅಲುಗಲಿಲ್ಲ. ಜಗಲಿಯಲ್ಲಿ ನಿಂತಿದ್ದ ನೀನು ಒಳಗೆ ಹೋಗಿ, ನಿನ್ನ ಬಳಿ ಇದ್ದ ಇನ್ನೊಂದು ಕೀ ತಂದು ಮಾವನ ಕೈಗೆ ಕೊಟ್ಟೆ. ಬ್ರೇಕನ್ನು ನಾನು ಸರಿಯಾಗಿ ಮಾಡಿದ್ದು ಅದೊಂದೇ ಸಲ, ಅದೂ ನಿನ್ನ ಮಾತನ್ನು ಸುಳ್ಳಾಗಿಸಲು.

ನನಗೆ ಸಿಟ್ಟು ಬರುತ್ತದೆ — ಮೊದಲು ನನ್ನ ಮೇಲೆ, ಆದರೆ ನನ್ನ ಮೇಲೆ ಮಾತ್ರವಲ್ಲ. ಆ ಬ್ರೇಕನ್ನು ಕೊನೆಗೆ ಮುಟ್ಟಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಎಳೆಯ ಬಳ್ಳಿಯನ್ನು ಸೀಳಿ, ಗಾಯಕ್ಕೆ ಗಾಯ ಕೂಡಿಸಿ ಕಸಿ ಕಟ್ಟುವ ಕೈ ಒಂದು ಲಿವರನ್ನು ಮರೆಯಿತೆಂದರೆ ಎಲ್ಲರೂ ಎಷ್ಟು ಸುಲಭವಾಗಿ ನಂಬಿದರು. ನೀನು ಕಾರು ಓಡಿಸುವುದನ್ನೇ ನಿಲ್ಲಿಸಿದೆ. ಗಿಡಗಳನ್ನು ಮನೆಗೆ ಬಂದವರು ಕೇಳಿದ ಬೆಲೆಗೆ ಕೊಟ್ಟೆ. ನಾನು ಅದನ್ನೂ ನೋಡುತ್ತಾ —

ಹೋದ ತಿಂಗಳು ನಿನ್ನ ಮಗಳು ಡ್ರೈವಿಂಗ್ ಕಲಿಯುತ್ತೇನೆ ಎಂದಳು. ನಾನು ಪಕ್ಕದ ಕೋಣೆಯಲ್ಲಿದ್ದೆ. "ಬೇಡ ಮಗಾ," ಎಂದೆ ನೀನು, "ನಮ್ಮ ಕೈಗೆ ಅದು ಆಗುದಿಲ್ಲ. ಹಾಕಿದ್ದೆ, ಹಾಕಿದ್ದೆ ಅಂತ ಎಷ್ಟು ಸಲ ಅಂದ್ಕೊಂಡೆ. ಈಗ ನನಗೇ ಗೊತ್ತಿಲ್ಲ."

ನಿನ್ನ ಕೈಯ ನೆನಪನ್ನೇ ನಾನು ಕದ್ದಿದ್ದೆ.

ಮೊದಲು ಅಮ್ಮನಿಗೆ ಹೇಳಿದೆ. ಕೋಲನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದರು. "ಈ ಕಾಲಿಗೆ ಅವಳು ಎಣ್ಣೆ ತಿಕ್ಕುವಾಗೆಲ್ಲ ನಾನು ಎಂತೆಂತ ಹೇಳಿದ್ದೇನೆ, ಗೊತ್ತುಂಟಾ ನಿನಗೆ?" ಎಂದರು. ಆಮೇಲೆ, "ಎಲ್ಲಿ ಸುಳ್ಳು ಹೇಳಿದ್ದೋ ಅಲ್ಲಿ ಹೋಗಿ ಹೇಳು. ಮತ್ತೆ ಅವಳ ಮುಖ ನೋಡು."

ನಿನ್ನೆ ಹೋದೆ. ಹಮೀದಾಕ ಇದ್ದರು, ಆವತ್ತು ನಿಂತು ಮಾತಾಡಿದವರಲ್ಲಿ ಇಬ್ಬರು ಮೂವರು ಇದ್ದರು. ಎಲ್ಲವನ್ನೂ ಹೇಳಿದೆ — ನಟ್ಟು, ಕಲ್ಲು, ಲಿವರ್, ಮಾವನಿಗೆ ತೋರಿಸಿದ್ದು. ಹಮೀದಾಕ ತಲೆ ತಗ್ಗಿಸಿದರು. ಫೋನಿನ ಮಾತು ಆಡಿದ್ದವನೇ ನನ್ನ ಬೆನ್ನು ತಟ್ಟಿದ. "ಹೋಗ್ಲಿ ಬಿಡಿ ಮಾರಾಯ್ರೆ, ಯಾರಿಗಾದ್ರೂ ಆಗ್ತದೆ. ಬನ್ನಿ, ಒಂದು ಚಾ ಕುಡಿವ."

ಅಮ್ಮನ ಮೊಣಕಾಲು ಅದೇ. ಕಾರು ಅದೇ, ರಸ್ತೆ ಅದೇ. ತಪ್ಪು ನಿನ್ನದಾಗಿದ್ದಾಗ ಏಳು ವರ್ಷವಾದರೂ ಮುಗಿಯಲಿಲ್ಲ. ನನ್ನದೆಂದು ತಿಳಿದಾಗ ಒಂದು ಚಾಕ್ಕೆ ಮುಗಿಯಿತು. ಯಾರಿಗಾದರೂ ಆಗುತ್ತದೆ ಎಂದು ನಿನಗೆ ಯಾರು ಹೇಳಿದ್ದರು, ವನಜಾ?

ಚಾ ಬಂತು. ಮುಟ್ಟಲಿಲ್ಲ. "ಅವಳಿಗೆ ಹೇಳದ ಮಾತು ನನಗೆ ಬೇಡ," ಎಂದು ಎದ್ದು ಬಂದೆ. ಇನ್ನು ಮಾವನ ಮನೆ ಉಳಿದಿದೆ. ಅಲ್ಲಿಗೆ ಹೊರಡುವ ಮೊದಲು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಎದುರು ನಿಂತಿರುತ್ತೇನೆ.