ಕುಲೀನ ಪದಕ್ಕೊಂದು ಚೀಟಿ

ನಿಘಂಟು ಕಚೇರಿಯಲ್ಲಿ ಅವಳನ್ನು ಎಲ್ಲರೂ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಪುಸ್ತಕ, ಪತ್ರಿಕೆ ಓದುವುದು. ಪದ ಬಳಕೆಯಾದ ವಾಕ್ಯವನ್ನು ಪುಟಸಂಖ್ಯೆ ಸಮೇತ ಚೀಟಿಗಿಳಿಸಿ ಮರದ ಪೆಟ್ಟಿಗೆಗೆ ಸೇರಿಸುವುದು. ಬಾಯಿಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ, ಅಚ್ಚಾಗಿರಲೇಬೇಕು.

ಹುಟ್ಟಿಗೂ ನಡತೆಗೂ ಸಲ್ಲುವ ‘ಕುಲೀನ’ ಪದಕ್ಕೆ ನಲವತ್ತು ಚೀಟಿಗಳಿದ್ದವು. ಅವುಗಳಲ್ಲಿ ಇದ್ದವರೆಲ್ಲ ರಾಜರು, ಮಂತ್ರಿಗಳು, ದೊಡ್ಡ ಮನೆತನದವರು. ಎರಡರಲ್ಲಂತೂ ಕುದುರೆ! ಕುದುರೆಗೂ ದಕ್ಕಿದ ಪದ ಪಾತ್ರೆ ತಿಕ್ಕುವವಳಿಗೆ ಒಂದೇ ಒಂದು ಕಡೆಯೂ ದಕ್ಕಿರಲಿಲ್ಲ.

ಅವಳಮ್ಮ ಪಾತ್ರೆ ತಿಕ್ಕಿಯೇ ಅವಳನ್ನು ಓದಿಸಿದ್ದು. ಒಂದು ಮನೆಯ ಯಜಮಾನಿ, ಉಂಗುರ ಕದ್ದಳೆಂದು ಬೀದಿಗೆಲ್ಲ ಕೇಳುವಂತೆ ಬೈದು ಅಮ್ಮನನ್ನು ಹೊರಗಟ್ಟಿದಳು. ಉಂಗುರ ಆಮೇಲೆ ಸೋಫಾ ಸಂದಿಯಲ್ಲಿ ಸಿಕ್ಕಿತು, ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ಹತ್ತು ವರ್ಷದ ಮೇಲೆ ಅದೇ ಯಜಮಾನಿ ಹಾಸಿಗೆ ಹಿಡಿದಾಗ ಸೊಸೆಯಂದಿರು ಮೂಗು ಮುಚ್ಚಿಕೊಂಡರು. ಅಮ್ಮ ಕರೆಯದೆಯೇ ಹೋಗಿ, ಬಿಡಿಗಾಸು ಮುಟ್ಟದೆ, ಎರಡು ವರ್ಷ ಅವಳ ಮೈ ಒರೆಸಿದಳು.

“ನಿನಗ್ಯಾಕಮ್ಮಾ ಈ ಉಸಾಬರಿ?” ಎಂದು ಮಗಳು ರೇಗಿದರೆ, “ಅವಳಿಗೆ ಬೇರೆ ಯಾರಿದಾರೆ ಹೇಳು” ಎಂದಿದ್ದಳು, ಅಷ್ಟೇ.

ಈಗ ಅಮ್ಮ ತೀರಿಕೊಂಡಿದ್ದಳು. ‘ಕ’ ಸಂಪುಟ ಅಚ್ಚಿಗೆ ಹೋಗಲು ಒಂದೇ ತಿಂಗಳಿತ್ತು.

“ಸಾರ್, ಈ ಪದಾನ ಬಡವರಿಗೆ ಬಳಸಿರೋ ಉದಾಹರಣೆ ಒಂದಾದ್ರೂ ಸೇರಿಸೋಣ” ಎಂದು ಸಂಪಾದಕರಿಗೆ ಹೇಳಿದಳು.

“ಎಲ್ಲಿ ಅಚ್ಚಾಗಿದೆ ತೋರಿಸಿ, ಸೇರಿಸೋಣ.”

ಎಲ್ಲೂ ಇರಲಿಲ್ಲ. ಹಾಗಾದರೆ ತಾನೇ ಅಚ್ಚು ಮಾಡಿಸುವುದು ಎಂದು ಹಟಕ್ಕೆ ಬಿದ್ದಳು. ಪತ್ರಿಕೆಯ ಓದುಗರ ಅಂಕಣಕ್ಕೆ ಅಮ್ಮನ ಕಥೆಯನ್ನೆಲ್ಲ ಬರೆದು, ಕೊನೆಗೆ ‘ನನ್ನ ತಾಯಿ ಕುಲೀನ ಹೆಂಗಸು’ ಎಂದು ಮುಗಿಸಿ ಕಳಿಸಿದಳು. ಕಳ್ಳದಾರಿಯೇ ಸರಿ, ಆದರೆ ಅವಳಿಗೆ ಇನ್ನಾವ ದಾರಿಯಿತ್ತು?

ಮೂರನೇ ವಾರ ಪತ್ರ ಪ್ರಕಟವಾಯಿತು. ಒಂದು ಅಲ್ಪವಿರಾಮವೂ ಬಿಟ್ಟುಹೋಗಿರಲಿಲ್ಲ. ಕೊನೆಯ ವಾಕ್ಯ ಮಾತ್ರ ಹೀಗಿತ್ತು: ‘ನನ್ನ ತಾಯಿ ಪ್ರಾಮಾಣಿಕ ಹೆಂಗಸು.’

ಫೋನ್ ಮಾಡಿದಳು. “ಮನೆಕೆಲಸದವರಿಗೆ ಆ ಪದ ಹೊಂದಲ್ಲ ಮೇಡಂ, ಅದಕ್ಕೇ ತಿದ್ದಿದೀವಿ. ಇದೂ ಒಳ್ಳೇ ಮಾತೇ ಅಲ್ವಾ?” ಎಂದಿತು ಅತ್ತಲಿನ ದನಿ.

ಅವಳು ಫೋನ್ ಕುಕ್ಕಿದಳು. ಕದಿಯಲಿಲ್ಲ ಎನ್ನುವುದಷ್ಟೇ ಅಮ್ಮನ ಹೆಚ್ಚುಗಾರಿಕೆಯೇ?

ಸಂಪಾದಕರು ಪತ್ರಿಕೆ ನೋಡಿ ತಲೆದೂಗಿದರು. “‘ಪ್ರಾಮಾಣಿಕ’ಕ್ಕೆ ಚೆನ್ನಾಗಿರೋ ಉದಾಹರಣೆ. ‘ಪ’ ಸಂಪುಟಕ್ಕೆ ಬರುತ್ತೆ, ಚೀಟಿ ಬರೆದುಬಿಡಿ.”

ಅವಳು ಬರೆದಳು. ದಿನಾಂಕ, ಪುಟ, ಅಂಕಣ, ಯಾವುದೂ ತಪ್ಪಲಿಲ್ಲ.